ರಾತ್ರಿ ಹನ್ನೆರಡು ಯಾವ ದಿನದ್ದು?

ಮಧ್ಯಾಹ್ನ 12 ಗಂಟೆ ಎಎಂ ಆಗುತ್ತದೋ, ಪಿಎಂ ಆಗುತ್ತದೋ? ಹಾಸ್ಟೆಲ್‌ನಲ್ಲಿ ಈ ಪ್ರಶ್ನೆ ಎತ್ತಿ ನೋಡಿ, ಅರ್ಧ ಜನ ಮೊಬೈಲ್ ತೆಗೆಯುತ್ತಾರೆ. ಅದರಲ್ಲಿ ಅವರ ತಪ್ಪೇನಿಲ್ಲ. ಲ್ಯಾಟಿನ್‌ನ ‘ಆಂಟೆ ಮೆರಿಡಿಯಂ’ ಎಂದರೆ ನಡುಹಗಲಿಗೆ ಮೊದಲು. ‘ಪೋಸ್ಟ್ ಮೆರಿಡಿಯಂ’ ಎಂದರೆ ನಡುಹಗಲಿನ ನಂತರ. ನಡುಹಗಲು ತಾನೇ ಮೊದಲೂ ಅಲ್ಲ, ನಂತರವೂ ಅಲ್ಲ. ಆದರೂ ರೂಢಿಯಲ್ಲಿ ಅದು 12 ಪಿಎಂ, ಮಧ್ಯರಾತ್ರಿ 12 ಎಎಂ.

ರೈಲ್ವೆಯವರು 24 ಗಂಟೆಯ ಲೆಕ್ಕ ಹಿಡಿದು ಈ ಗೋಜಿನಿಂದ ಪಾರಾಗಿದ್ದಾರೆ. ಅಲ್ಲಿ ಮಧ್ಯಾಹ್ನದ್ದು 12:20, ರಾತ್ರಿಯದು 00:20. ಗಂಟೆಯ ಗೊಂದಲ ಮುಗಿಯಿತು, ತಾರೀಖಿನದು ಮಾತ್ರ ಹಾಗೇ ಉಳಿಯಿತು.

ನಮ್ಮ ಸೀನಿಯರ್ ಒಬ್ಬರಿಗೆ ಹೊರರಾಜ್ಯದಲ್ಲಿ ಸಂದರ್ಶನವಿತ್ತು. ಟಿಕೆಟ್ ಮೇಲೆ 14ನೇ ತಾರೀಖು, 00:20 ಎಂದಿತ್ತು. 14ರ ರಾತ್ರಿ ಊಟ ಮುಗಿಸಿ ಬ್ಯಾಗ್ ಹೊತ್ತು ಸ್ಟೇಷನ್‌ಗೆ ಹೋದರೆ, ಅವರ ರೈಲು ಹಿಂದಿನ ರಾತ್ರಿಯೇ ಹೊರಟುಹೋಗಿತ್ತು. ಟಿಕೆಟ್ ದುಡ್ಡಿನ ಜೊತೆಗೆ ಸಂದರ್ಶನವೂ ಕೈತಪ್ಪಿತು.

ಅವರು ದಡ್ಡರಲ್ಲ. ಪಂಚಾಂಗದ ವಾರ ಸೂರ್ಯೋದಯದಿಂದ ಸೂರ್ಯೋದಯದವರೆಗೆ. ನಮ್ಮ ಯಲಿಯೂರಿನ ಹಿರಿಯರು ‘ಭಾನುವಾರ ಸರೊತ್ತಲ್ಲಿ’ ಎಂದರೆ ಭಾನುವಾರ ಉಂಡು ಮಲಗಿದ ಮೇಲಿನ ನಡುರಾತ್ರಿ. ಬೆಳಕು ಹರಿಯುವವರೆಗೂ ಅವರಿಗೆ ಭಾನುವಾರವೇ. ಗಡಿಯಾರಕ್ಕೆ ಮಾತ್ರ 12 ದಾಟುತ್ತಲೇ ಸೋಮವಾರ. ನಾವು ಬಾಯಲ್ಲಿ ಒಂದು ಲೆಕ್ಕ, ಫೋನಿನಲ್ಲಿ ಇನ್ನೊಂದು ಲೆಕ್ಕ ಇಟ್ಟುಕೊಂಡು ಓಡಾಡುತ್ತಿದ್ದೇವೆ.

ಅರ್ಜಿ ಹಾಕುವಾಗಲೂ ಇದೇ ಕಥೆ. ‘20ರ ರಾತ್ರಿ 12 ಗಂಟೆಯೊಳಗೆ’ ಎಂದರೆ 20 ಶುರುವಾಗುವ ರಾತ್ರಿಯೋ, ಮುಗಿಯುವ ರಾತ್ರಿಯೋ? ಅನೇಕ ವೆಬ್‌ಸೈಟ್‌ಗಳು 11:59 ಪಿಎಂ ಎಂದು ಹಾಕುವುದು ಸುಮ್ಮನೆ ಅಲ್ಲ. ಆ ಒಂದು ನಿಮಿಷ ಹಿಂದಕ್ಕೆ ಬಂದರೆ ತಾರೀಖಿನ ಬಗ್ಗೆ ಅನುಮಾನವೇ ಇರುವುದಿಲ್ಲ.

ಹಾಗಾಗಿ ಗೆಳೆಯರೇ, ಟಿಕೆಟ್‌ನಲ್ಲಿ ಸಮಯ 00 ಎಂದು ಶುರುವಾಗಿದ್ದರೆ ಮನೆ ಬಿಡಬೇಕಾದದ್ದು ಹಿಂದಿನ ದಿನ ರಾತ್ರಿ. ಅಲಾರಂ ಇಡುವಾಗ ಎಎಂ, ಪಿಎಂ ಇನ್ನೊಮ್ಮೆ ನೋಡಿ. ಬೇರೆಯವರಿಗೆ ಸಮಯ ತಿಳಿಸುವಾಗ ‘ರಾತ್ರಿ 12’ ಎಂದು ನಿಲ್ಲಿಸದೆ ‘ಭಾನುವಾರ ರಾತ್ರಿ ಕಳೆದು ಸೋಮವಾರ’ ಎಂದು ಎರಡೂ ದಿನ ಹೇಳಿ. ನಾಲ್ಕು ಪದ ಹೆಚ್ಚಾದರೂ ಯಾರ ರೈಲೂ ತಪ್ಪುವುದಿಲ್ಲ.