ಶ್ರವಣಾತೀತಧ್ವನಿಯ ಜಲಮಾಪಕದಲ್ಲಿ ಸಂಕೇತಶೋಧನೆ

ಅಷ್ಟೂರದ ಗುಮ್ಮಟದಲ್ಲಿ ಮಲಗಿರುವ ಅಹಮದ ಶಾಹನು 15ನೆಯ ಶತಮಾನದಲ್ಲಿ ಬಹಮನಿ ರಾಜಧಾನಿಯನ್ನು ಬೀದರಿಗೆ ತಂದನು. ಕಾರೇಜು ಎಂಬ ಪಾರಸೀಕ ಕ್ರಮದ ನೆಲದೊಳಗಿನ ನೀರುಸುರಂಗವು ಆ ಅರಸರ ಕಾಲದಲ್ಲಿಯೇ ಈ ಸೀಮೆಗೆ ಬಂದಿತು. ನೌಬಾದಿನದು ಇಂದಿಗೂ ಉಳಿದಿದೆ. ಪಾರಸೀಕರು ಇಂಥ ನೀರನ್ನು ಹಂಚುವಾಗ, ತಳದಲ್ಲಿ ರಂಧ್ರವಿದ್ದ ಬಟ್ಟಲು ಮುಳುಗುವ ಹೊತ್ತನ್ನೆಣಿಸುತ್ತಿದ್ದರು. ಭಾರತೀಯರ ಘಟಿಕಾಯಂತ್ರವೂ ಅದೇ ಜಾತಿಯದು. ಇಂದಿನ ಶ್ರವಣಾತೀತಧ್ವನಿಯ ಮಾಪಕವೂ ನೀರನ್ನು ಕಾಲದಿಂದಲೇ ಅಳೆಯತಕ್ಕದ್ದು. ಆದರೆ ಆ ಕಾಲವು ಅತಿಸೂಕ್ಷ್ಮ.

ಕೊಳವೆಯ ಎರಡು ಪಕ್ಕಗಳಿಂದ ಓರೆಯಾಗಿ ಧ್ವನಿಯನ್ನು ಕಳುಹಿಸಿದರೆ, ಪ್ರವಾಹದೊಡನೆ ಹೋದುದು ಬೇಗನೆಯೂ ಎದುರಾಗಿ ಹೋದುದು ತಡವಾಗಿಯೂ ಸೇರುವುದು. ಆ ಅಂತರವೇ ವೇಗದ ಲಿಂಗ. 300 ಮಿಲಿಮೀಟರು ವ್ಯಾಸದ ಕೊಳವೆಯಲ್ಲಿ, 45 ಅಂಶದ ಓರೆಯಲ್ಲಿ, ನೀರು ಸೆಕೆಂಡಿಗೆ 1 ಮೀಟರು ಹರಿದರೆ ಅಂತರವು ಸುಮಾರು 270 ನ್ಯಾನೊಸೆಕೆಂಡು. ನ್ಯಾನೊಸೆಕೆಂಡೆಂದರೆ ಸೆಕೆಂಡಿನ ನೂರು ಕೋಟಿಯಲ್ಲೊಂದು ಪಾಲು. ಒಂದು ಗಾಳಿಗುಳ್ಳೆಯಾಗಲಿ, ಹತ್ತಿರದ ಪಂಪಿನ ಅದಿರಾಟವಾಗಲಿ ಇದನ್ನು ಕೆಡಿಸಲು ಸಾಕು. ಆದುದರಿಂದಲೇ ಶೋಧನೆ.

ಶೋಧನೆಯಲ್ಲಿ ಮುಖ್ಯವಾದವು ಮೂರು. ನೆರೆಯ ಅಳತೆಗಳಿಗೆ ಹೊಂದದ ಒಂಟಿ ಅಳತೆಯನ್ನು ತಳ್ಳಿಹಾಕುವುದು ಮೊದಲನೆಯದು; ಲಿಪಿಕಾರನ ಕೈತಪ್ಪನ್ನು ತೆಗೆಯುವಂತೆ ಇದು ಬಹುಮಟ್ಟಿಗೆ ನಿರಪಾಯ. ಎರಡನೆಯದು ಶಮನ, ಎಂದರೆ ಏರಿಳಿತವನ್ನು ಸರಾಸರಿಯಿಂದ ತಣಿಸುವುದು. ಶಮನಕಾಲವನ್ನು 20 ಸೆಕೆಂಡಿಗೆ ಇಟ್ಟರೆ, ಪಂಪು ನಿಂತು 20 ಸೆಕೆಂಡಾದರೂ ಮಾಪಕವು ಹಿಂದಿನ ಪ್ರವಾಹದ ನೂರಕ್ಕೆ 37 ಪಾಲನ್ನು ತೋರುತ್ತಲೇ ಇರುವುದು. ಸುದ್ದಿ ತಡವಾಗುವುದೇ ಹೊರತು ಒಟ್ಟು ಮೊತ್ತ ಕೆಡದು.

ಮೂರನೆಯದಾದ ಅಲ್ಪಪ್ರವಾಹಚ್ಛೇದವೇ ಅಪಾಯಕರವಾದುದು. ಗೊತ್ತಾದ ವೇಗಕ್ಕಿಂತ ಕಡಿಮೆಯಾದುದನ್ನೆಲ್ಲ ಅದು ಸೊನ್ನೆಯೆಂದು ಬರೆಯುತ್ತದೆ. ಮೇಲಿನ ಕೊಳವೆಯಲ್ಲಿ ಛೇದವನ್ನು ಸೆಕೆಂಡಿಗೆ 2 ಸೆಂಟಿಮೀಟರಿಗೆ ಇಟ್ಟರೆ, ರಾತ್ರಿಯ ಆರು ಗಂಟೆಗಳಲ್ಲಿ ಸುಮಾರು 30,000 ಲೀಟರು ಸೋರಿಹೋದರೂ ದಾಖಲೆಯಲ್ಲಿ ಒಂದು ಹನಿಯೂ ಕಾಣದೆ ಇರಬಹುದು. ಅಪೂರ್ವವೆಂಬ ಕಾರಣದಿಂದಲೇ ಸರಿಯಾದ ಪಾಠವನ್ನು ಹೊಡೆದುಹಾಕುವ ಸಂಪಾದಕನೂ ಹೀಗೆಯೇ ಮಾಡುವನು. ಬರಗಾಲವನ್ನು ಕಂಡ ಸೀಮೆಯಲ್ಲಿ ಇದು ಅಲ್ಪದೋಷವಲ್ಲ.

ಹಾಗಾದರೆ ಛೇದವೇ ಬೇಡವೆ? ಬೇಡವೆನ್ನಲಾಗದು, ನಿಂತ ನೀರಿನಲ್ಲಿಯೂ ಗದ್ದಲವು ಸುಳ್ಳುಪ್ರವಾಹವನ್ನು ಕೂಡಿಸುತ್ತ ಹೋಗುವುದು. ಮೊದಲು ಮಾಪಕವನ್ನು ಯೋಗ್ಯಸ್ಥಾನದಲ್ಲಿ ಕಟ್ಟತಕ್ಕದ್ದು: ಅದರ ಮುಂಚೆ ವ್ಯಾಸದ ಹತ್ತರಷ್ಟಾದರೂ ನೇರವಾದ ಕೊಳವೆಯಿರಬೇಕು, ಗಾಳಿ ನಿಲ್ಲುವ ನೆತ್ತಿಯನ್ನೂ ಹೂಳು ಕೂಡುವ ತಳವನ್ನೂ ಬಿಟ್ಟು ಪಕ್ಕಗಳಲ್ಲಿ ಬಿಗಿಯಬೇಕು. ಬಳಿಕ ಕೊಳವೆ ತುಂಬಿರುವಂತೆಯೇ ನೀರನ್ನು ನಿಲ್ಲಿಸಿ, ಸೊನ್ನೆಯನ್ನು ಸರಿಪಡಿಸಿ, ಉಳಿದ ಗದ್ದಲಕ್ಕಿಂತ ತುಸುವೇ ಮೇಲೆ ಛೇದವನ್ನಿಡತಕ್ಕದ್ದು. ಆ ಅಂಕವನ್ನೂ ಶಮನಕಾಲವನ್ನೂ, ಬದಲಾಯಿಸಿದ ದಿನವನ್ನೂ, ನೀರಿನ ಲೆಕ್ಕದ ಪುಸ್ತಕದಲ್ಲಿಯೇ ಬರೆದಿಡಬೇಕು.