ಟಿಕೆಟ್ ಕಿಟಕಿಯ ಹಿಂದಿನ ಲೆಕ್ಕ

ಹೊಸೂರಿನ ಹತ್ತಿರದ ತೊರಪಳ್ಳಿಯಲ್ಲಿ ಸಿ. ರಾಜಗೋಪಾಲಾಚಾರಿ ಹುಟ್ಟಿದ ಮನೆ ಈಗ ಸ್ಮಾರಕವಾಗಿದೆ. ಊರಿನ ಮುನ್ಸಿಫರ ಮಗನಾಗಿ 1878ರಲ್ಲಿ ಜನಿಸಿದ ರಾಜಾಜಿ 1937ರಲ್ಲಿ ಮದ್ರಾಸ್ ಪ್ರಾಂತ್ಯದ ಆಡಳಿತ ವಹಿಸಿಕೊಂಡು, ಪಾನನಿರೋಧವನ್ನು ಸೇಲಂ ಜಿಲ್ಲೆಯಿಂದಲೇ ಶುರುಮಾಡಿದರು. ಹೊಸೂರು ಆಗ ಅದೇ ಜಿಲ್ಲೆಯಲ್ಲಿತ್ತು. ಹೆಂಡದ ಆದಾಯ ನಿಂತಾಗ ಬೊಕ್ಕಸ ತುಂಬಿಸಲು 1939ರಲ್ಲಿ ದೇಶದ ಮೊದಲ ಸಾಮಾನ್ಯ ಮಾರಾಟ ತೆರಿಗೆ ಬಂತು. ಮದ್ರಾಸ್ ಮನರಂಜನಾ ತೆರಿಗೆ ಕಾಯ್ದೆಯೂ ಅದೇ ವರ್ಷದ್ದು. ಇವತ್ತು ಪ್ರವಾಸಿ ತಾಣದ ಟಿಕೆಟ್‌ನಲ್ಲಿ ತೆರಿಗೆಯ ಸಾಲೊಂದು ಅಚ್ಚಾಗಿ ಬರುತ್ತಿದ್ದರೆ, ಆ ಕಥೆಯ ಒಂದು ಎಳೆ ಈ ಹಳ್ಳಿಗೂ ತಾಗುತ್ತದೆ.

ಭಾನುವಾರ ಬಂತೆಂದರೆ ಈ ಭಾಗದ ಜನ ಹೊಸೂರಿನ ಚಂದ್ರಚೂಡೇಶ್ವರನ ಬೆಟ್ಟ ಹತ್ತುತ್ತಾರೆ, ಕೃಷ್ಣಗಿರಿ ಅಣೆಕಟ್ಟಿನ ಉದ್ಯಾನದಲ್ಲಿ ಬುತ್ತಿ ಬಿಚ್ಚುತ್ತಾರೆ, ಇಲ್ಲವೇ ಗಡಿ ದಾಟಿ ಬನ್ನೇರುಘಟ್ಟಕ್ಕೆ ಹೋಗುತ್ತಾರೆ. ಪ್ರವಾಸಿ ತಾಣ ಎಂದ ಮೇಲೆ ಎಲ್ಲೋ ಒಂದು ಕಡೆ ಕಿಟಕಿ ಇರುತ್ತದೆ, ಅದರ ಹಿಂದೆ ಒಂದು ಗಲ್ಲಾ. ಆ ಗಲ್ಲಾ ಈಗ ಊರೂರಿನಲ್ಲೂ ಬದಲಾಗುತ್ತಿದೆ.

ಹಳೆಯ ಪದ್ಧತಿಯನ್ನು ಮೊದಲು ನೋಡಬೇಕು. ದೊಡ್ಡವರಿಗೆ ಒಂದು ಬಣ್ಣ, ಮಕ್ಕಳಿಗೆ ಇನ್ನೊಂದು, ಕ್ಯಾಮೆರಾಗೆ ಮತ್ತೊಂದು ಬಣ್ಣದ ಟಿಕೆಟ್ ಪುಸ್ತಕ. ಪ್ರತಿ ಹಾಳೆಗೂ ಕ್ರಮಸಂಖ್ಯೆ; ಹರಿದು ಕೊಟ್ಟರೆ ಉಳಿಯುವುದು ಅಡಿಪಟ್ಟಿ. ಬೆಳಿಗ್ಗೆ ಮೊದಲ ಟಿಕೆಟ್ಟಿನ ಸಂಖ್ಯೆ 4501, ಸಂಜೆ ಕೊನೆಯದು 4820 ಎಂದಿಟ್ಟುಕೊಳ್ಳಿ. ಮಾರಾಟವಾದದ್ದು 320. ಟಿಕೆಟ್ಟಿಗೆ 25 ರೂಪಾಯಿಯಂತೆ ಡ್ರಾಯರಿನಲ್ಲಿ 8,000 ರೂಪಾಯಿ ಇರಬೇಕು. ನೋಟುಗಳನ್ನು ಮುಖಬೆಲೆಯಂತೆ ವಿಂಗಡಿಸಿ, ದಿನವಹಿಯಲ್ಲಿ ಬರೆದು, ಸಹಿ ಹಾಕಿ, ಮರುದಿನ ಚಲನ್ ಜೊತೆ ಬ್ಯಾಂಕಿಗೆ ಕಟ್ಟಿದರೆ ಕೆಲಸ ಮುಗಿಯಿತು.

ಈ ಪದ್ಧತಿಯನ್ನು ಹಗುರವಾಗಿ ಕಾಣುವಂತಿಲ್ಲ. ಕರೆಂಟ್ ಬೇಡ, ನೆಟ್‌ವರ್ಕ್ ಬೇಡ, ಮತ್ತು ಲೆಕ್ಕ ಪರಿಶೋಧಕರು ವರ್ಷಗಳ ನಂತರ ಬಂದರೂ ಅಡಿಪಟ್ಟಿ ತೆಗೆದು ನೋಡಬಹುದು. ಆದರೆ ಯಾವ ಗಂಟೆಯಲ್ಲಿ ಎಷ್ಟು ಜನ ಬಂದರು ಎಂದು ಅದು ಹೇಳುವುದಿಲ್ಲ. ಮಾರಿದ ಟಿಕೆಟ್ಟನ್ನೇ ಮತ್ತೆ ಮಾರಿದರೆ ಹಿಡಿಯುವ ದಾರಿಯೂ ಅದರಲ್ಲಿಲ್ಲ.

ಕೈಗಳ್ಳತನದ ಈ ಚಿಂತೆಯೇ ಕ್ಯಾಶ್ ರಿಜಿಸ್ಟರ್ ಹುಟ್ಟಲು ಕಾರಣ. ಅಮೆರಿಕದ ಡೇಟನ್‌ ಊರಿನಲ್ಲಿ ಮದ್ಯದಂಗಡಿ ನಡೆಸುತ್ತಿದ್ದ ಜೇಮ್ಸ್ ರಿಟ್ಟಿ, ಹಡಗಿನ ಪ್ರೊಪೆಲ್ಲರಿನ ಸುತ್ತುಗಳನ್ನು ಎಣಿಸುವ ಯಂತ್ರ ಕಂಡು, ಮಾರಾಟವನ್ನೂ ಹೀಗೆಯೇ ಎಣಿಸಬಹುದಲ್ಲ ಎಂದು ಯೋಚಿಸಿ 1879ರಲ್ಲಿ ಪೇಟೆಂಟ್ ಪಡೆದ. ನಮ್ಮಲ್ಲಿ ಪುಸ್ತಕದ ಲೆಕ್ಕವನ್ನು ಕಂಪ್ಯೂಟರಿಗೆ ತಂದವರಲ್ಲಿ 1986ರಲ್ಲಿ ಆರಂಭವಾದ ಬೆಂಗಳೂರಿನ ಟ್ಯಾಲಿ ಮುಖ್ಯ. 2016ರಲ್ಲಿ ಯುಪಿಐ ಬಂದಮೇಲೆ ಚಿಲ್ಲರೆಯ ಜಗಳವೂ ಬಹುಮಟ್ಟಿಗೆ ತಣ್ಣಗಾಯಿತು.

ಸರ್ಕಾರವೇ ಜನರನ್ನು ಡಿಜಿಟಲ್ ಪಾವತಿಯ ಕಡೆ ಕರೆದದ್ದಕ್ಕೆ ಒಳ್ಳೆಯ ಉದಾಹರಣೆ ಭಾರತೀಯ ಪುರಾತತ್ವ ಸರ್ವೇಕ್ಷಣೆಯದು. 2018ರ ದರ ಪರಿಷ್ಕರಣೆಯಲ್ಲಿ ಹಂಪಿ, ಪಟ್ಟದಕಲ್ಲಿನಂಥ ವಿಶ್ವ ಪರಂಪರೆಯ ತಾಣಗಳಿಗೆ ಭಾರತೀಯರು ನಗದು ಕೊಟ್ಟರೆ 40 ರೂಪಾಯಿ, ಡಿಜಿಟಲ್ ಪಾವತಿಗೆ 35 ಎಂದಾಯಿತು. ಎರಡನೇ ವರ್ಗದ ಸ್ಮಾರಕಗಳಿಗೆ 25 ಮತ್ತು 20. ಐದು ರೂಪಾಯಿಯ ರಿಯಾಯಿತಿ ಸಣ್ಣದು. ಆದರೆ ಒಂದೇ ಪ್ರವೇಶಕ್ಕೆ ಎರಡು ದರ, ವಿದೇಶಿಯರಿಗೆ ಮತ್ತೆರಡು, ಹದಿನೈದರೊಳಗಿನ ಮಕ್ಕಳಿಗೆ ಉಚಿತ ಎಂದಾಗ ಕೈಲೆಕ್ಕದಲ್ಲಿ ತಪ್ಪದಿರುವುದು ಕಷ್ಟ.

ತೆರಿಗೆಯ ವಿಚಾರ ಇನ್ನೂ ತೊಡಕು. ಮೃಗಾಲಯ, ವಸ್ತುಸಂಗ್ರಹಾಲಯ, ರಾಷ್ಟ್ರೀಯ ಉದ್ಯಾನಗಳ ಪ್ರವೇಶಕ್ಕೆ ಜಿಎಸ್‌ಟಿ ಇಲ್ಲ. ಬಿಡದಿಯ ವಂಡರ್‌ಲಾದಂಥ ಮನರಂಜನಾ ಉದ್ಯಾನಗಳಿಗೆ ಮೊದಲು ಶೇಕಡಾ 28ರಷ್ಟಿತ್ತು, 2018ರ ಜನವರಿಯಲ್ಲಿ 18ಕ್ಕೆ ಇಳಿಯಿತು. ಮೃಗಾಲಯದ ಆವರಣದಲ್ಲೇ ಬೊಂಬೆ, ತಿಂಡಿ ಮಾರಿದರೆ ಅದಕ್ಕೆ ಬೇರೆ ದರ. ನೀರಾಟದ ಉದ್ಯಾನದಲ್ಲಿ ಲಾಕರ್‌ಗೆ ಕಟ್ಟಿಸಿಕೊಳ್ಳುವ ಠೇವಣಿ ಆದಾಯವೇ ಅಲ್ಲ. ಸಂಜೆ ವಾಪಸ್ ಕೊಡಬೇಕಾದ ಸಾಲ. ಮುಂದಿನ ಭಾನುವಾರಕ್ಕೆಂದು ಇವತ್ತು ಆನ್‌ಲೈನ್‌ನಲ್ಲಿ ಕೊಂಡ ಟಿಕೆಟ್ಟಿನ ಹಣವೂ ಹಾಗೆಯೇ, ಆ ಮನೆಯವರು ಗೇಟು ದಾಟುವವರೆಗೆ ಮುಂಗಡ ಮಾತ್ರ. ಒಳ್ಳೆಯ ಬಿಲ್ಲಿಂಗ್ ವ್ಯವಸ್ಥೆ ಈ ನಾಲ್ಕೈದು ಬಗೆಯ ಹಣವನ್ನು ಕಿಟಕಿಯಲ್ಲೇ ಬೇರ್ಪಡಿಸಿ ಆಯಾ ಖಾತೆಗೆ ಸೇರಿಸುತ್ತದೆ.

ದಿನದ ಕೊನೆಗೆ ತಾಳೆ ನೋಡುವ ಕೆಲಸ ಮಾತ್ರ ಮನುಷ್ಯರದ್ದೇ. ಯಂತ್ರ ಕೊಡುವ ಮುಕ್ತಾಯದ ವರದಿಯನ್ನು ಒಂದು ಕೈಯಲ್ಲಿ, ನಗದಿನ ಎಣಿಕೆಯನ್ನು ಇನ್ನೊಂದು ಕೈಯಲ್ಲಿ ಹಿಡಿದು ಕೂರಬೇಕು. ಕಾರ್ಡ್ ಹಣ ಬ್ಯಾಂಕಿನ ಖಾತೆಗೆ ಬರುವುದು ಮರುದಿನವೋ ಅದರ ಮರುದಿನವೋ. ಪ್ರವಾಸಿಯ ಖಾತೆಯಿಂದ ಹಣ ಕಡಿತವಾಗಿ ಟಿಕೆಟ್ ಬಾರದೇ ಹೋದ ಪ್ರಕರಣಗಳನ್ನು ಒಂದೊಂದಾಗಿ ಬಿಡಿಸಬೇಕು. ಇಲ್ಲಿ ಒಂದು ನಿಯಮ ತಪ್ಪಬಾರದು: ಟಿಕೆಟ್ ಮಾರುವವರೇ ಅದನ್ನು ರದ್ದು ಮಾಡುವಂತಿರಬಾರದು. ರದ್ದತಿಗೆ ಮೇಲ್ವಿಚಾರಕರ ಒಪ್ಪಿಗೆ ಬೇಕು, ಕಾರಣ ದಾಖಲಾಗಬೇಕು. ಕಂಪನಿಗಳಿಗೆ ತಿದ್ದುಪಡಿಯನ್ನು ದಾಖಲಿಸುವುದು ಕಾನೂನೂ ಹೌದು. ಲೆಕ್ಕದಲ್ಲಿ ಯಾವಾಗ, ಏನು ತಿದ್ದಲಾಯಿತು ಎಂಬುದನ್ನು ಅಳಿಸಲಾಗದಂತೆ ದಾಖಲಿಸುವ ತಂತ್ರಾಂಶವನ್ನೇ ಅವು ಬಳಸಬೇಕೆಂಬ ನಿಯಮ 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ.

ವ್ಯವಸ್ಥೆ ಬದಲಿಸುವ ದಿನದ ಆಯ್ಕೆಯೂ ಸುಲಭವಲ್ಲ. ಲೆಕ್ಕದವರಿಗೆ ಹಣಕಾಸು ವರ್ಷ ಆರಂಭವಾಗುವ ಏಪ್ರಿಲ್ 1 ಅನುಕೂಲ. ಕಿಟಕಿಯವರಿಗೆ ಅದು ಬೇಸಿಗೆ ರಜೆಯ ಹೊಸ್ತಿಲು, ಸಾಲು ಉದ್ದವಾಗುವ ಹೊತ್ತು. ಆದ್ದರಿಂದ ಮಳೆಗಾಲದ ವಾರದ ನಡುವಿನ ದಿನಗಳಲ್ಲಿ ಒಂದೇ ಕಿಟಕಿಯಲ್ಲಿ ಪ್ರಯೋಗಿಸಿ, ಕೆಲವು ವಾರ ಹಳೆಯದನ್ನೂ ಹೊಸದನ್ನೂ ಜೊತೆಜೊತೆಗೆ ನಡೆಸುವುದು ಜಾಣತನ. ಗುಡ್ಡಗಾಡಿನಲ್ಲಿ ನೆಟ್‌ವರ್ಕ್ ಕೈಕೊಟ್ಟ ದಿನಕ್ಕೆಂದು ಮೊಹರು ಮಾಡಿದ ಅಡಿಪಟ್ಟಿ ಪುಸ್ತಕವೊಂದು ಬೀರುವಿನಲ್ಲಿರಲೇಬೇಕು. ಥರ್ಮಲ್ ಕಾಗದದ ಮೇಲಿನ ಅಕ್ಷರ ಬಿಸಿಲಿಗೆ ಮಾಸಿಹೋಗುವುದರಿಂದ ಪ್ರತಿ ಬಿಲ್ಲಿನ ನಕಲು ಸರ್ವರಿನಲ್ಲಿ ಉಳಿಯಬೇಕು.

ಗೇಟಿನ ಹಣ ಎಷ್ಟು ಮುಖ್ಯ ಎಂಬುದಕ್ಕೆ 1892ರಲ್ಲಿ ಸ್ಥಾಪನೆಯಾದ ಮೈಸೂರು ಮೃಗಾಲಯವೇ ಸಾಕ್ಷಿ. ಪ್ರವೇಶ ಶುಲ್ಕವನ್ನೇ ಹೆಚ್ಚಾಗಿ ನೆಚ್ಚಿಕೊಂಡ ಆ ಸಂಸ್ಥೆ 2020ರ ಕೋವಿಡ್ ಕಾಲದಲ್ಲಿ ಬಾಗಿಲು ಹಾಕಿದಾಗ, ಪ್ರಾಣಿಗಳ ಆಹಾರಕ್ಕೆ ದಾನಿಗಳ, ದತ್ತು ಯೋಜನೆಯ ಮೊರೆಹೋಗಬೇಕಾಯಿತು. ಟಿಕೆಟ್ಟಿನ ಪ್ರತಿ ರೂಪಾಯಿ ಆನೆಯ ಮೇವಿಗೋ ಜಿರಾಫೆಯ ಔಷಧಿಗೋ ಹೋಗುವಾಗ, ಅದರ ಲೆಕ್ಕ ಅಪರಿಚಿತರೂ ಓದಿ ಒಪ್ಪುವಂತಿರಬೇಕು.

ಹೊಸೂರು, ತಳಿ, ಡೆಂಕಣಿಕೋಟೆ ಕಡೆ ತಮಿಳು, ಕನ್ನಡ, ತೆಲುಗು ಮೂರನ್ನೂ ಆಡುವ ಮನೆಗಳಿವೆ. ಬಿಲ್ಲಿನ ತಂತ್ರಾಂಶಕ್ಕೆ ಮೂರು ಲಿಪಿಯೂ ಭಾರವಲ್ಲ. ಹೊಸ ವ್ಯವಸ್ಥೆಗೆ ಟೆಂಡರ್ ಕರೆಯುವವರು ಈ ಒಂದು ಷರತ್ತನ್ನು ಸೇರಿಸಲಿ. ಪ್ರವಾಸಿಗರು ಹಣ ಕೊಟ್ಟಮೇಲೆ ರಸೀದಿ ಕೇಳಿ ಪಡೆಯಲಿ, ತಲೆ ಎಣಿಸಿ ಮೊತ್ತ ನೋಡಲಿ. ಎಂಥ ತಂತ್ರಾಂಶ ಬಂದರೂ, ರಸೀದಿ ಇಲ್ಲದೆ ಕೊಟ್ಟ ಹಣ ಯಾವ ಲೆಕ್ಕಕ್ಕೂ ಸೇರುವುದಿಲ್ಲ.