ಒಡೆತನವೂ ನಾಯಕತ್ವವೂ

‘ಸ್ವಾಮಿ’ ಎಂಬ ಶಬ್ದವು ‘ಸ್ವ’ ಎಂಬುದರಿಂದ ಹುಟ್ಟಿದ್ದು. ತನ್ನದೆಂಬ ಸೊತ್ತುಳ್ಳವನೇ ಸ್ವಾಮಿ. ‘ನಾಯಕ’ ಶಬ್ದಕ್ಕಾದರೋ ಒಯ್ಯುವದೆಂಬ ಅರ್ಥದ ‘ನೀ’ ಧಾತುವೇ ಮೂಲ. ಉಳಿದವರನ್ನು ಮುಂದಕ್ಕೆ ಕರೆದೊಯ್ಯುವವನೇ ನಾಯಕ. ಶಬ್ದಗಳು ಎರಡಿರುವಂತೆ ಕಾರ್ಯಗಳೂ ಎರಡು. ಇವನ್ನು ಒಂದೆಂದೆಣಿಸಿದರೆ ಆಗುವ ಅನರ್ಥಕ್ಕೆ ಬೆಂಗಳೂರಿನ ಕ್ರಿಕೆಟ್ ತಂಡದ ಮೊದಲೆರಡು ವರ್ಷಗಳ ವೃತ್ತಾಂತವು ಒಳ್ಳೆಯ ನಿದರ್ಶನವಾಗಿದೆ.

2008ರಲ್ಲಿ ಇಂಡಿಯನ್ ಪ್ರೀಮಿಯರ್ ಲೀಗ್ ಆರಂಭವಾದಾಗ, ಉದ್ಯಮಪತಿಗಳಾದ ವಿಜಯ ಮಲ್ಯರು 11 ಕೋಟಿ 16 ಲಕ್ಷ ಡಾಲರುಗಳಿಗೆ ಈ ತಂಡದ ಒಡೆತನವನ್ನು ಪಡೆದರು. ನಾಯಕತ್ವವು ಕನ್ನಡಿಗರ ಅಭಿಮಾನಕ್ಕೆ ಪಾತ್ರರಾದ ರಾಹುಲ್ ದ್ರಾವಿಡರಿಗೆ ಬಂದಿತು. ಏಪ್ರಿಲ್ 18ರ ಮೊದಲ ಪಂದ್ಯದಲ್ಲಿಯೇ ಕೊಲ್ಕತ್ತೆಯವರು 222 ಓಟಗಳನ್ನು ಗಳಿಸಲು, ನಮ್ಮವರು 82ಕ್ಕೆ ಮುಗಿದರು. ಸೋಲುಗಳು ಬೆಳೆದಂತೆ ಒಡೆಯರ ಸಹನೆಯು ಕುಂದಿತು. ಪಂದ್ಯಾವಳಿಯ ನಡುವೆಯೇ ತಂಡದ ಮುಖ್ಯಾಧಿಕಾರಿಗಳಾದ ಚಾರು ಶರ್ಮರನ್ನು ತೆಗೆಯಲಾಯಿತು. ಆಟಗಾರರ ಆಯ್ಕೆಯನ್ನು ಶರ್ಮ ಮತ್ತು ದ್ರಾವಿಡರಿಗೆ ಬಿಟ್ಟುದೇ ತಪ್ಪಾಯಿತೆಂದು ಮಲ್ಯರು ಬಹಿರಂಗವಾಗಿ ಆಡಿದರು. ಕೊನೆಗೆ 14 ಪಂದ್ಯಗಳಲ್ಲಿ 4 ಗೆಲುವು. ಎಂಟು ತಂಡಗಳಲ್ಲಿ ಏಳನೆಯ ಸ್ಥಾನ.

ಆಯ್ಕೆಯಲ್ಲಿ ದೋಷವಿರಲಿಲ್ಲವೆಂದು ನಾವು ಹೇಳುವದಿಲ್ಲ. ಐದು ದಿನಗಳ ಆಟದಲ್ಲಿ ಹೆಸರಾದ ಕಾಲಿಸ್, ಚಂದರ್‌ಪಾಲ್, ವಸೀಂ ಜಾಫರ್ ಮೊದಲಾದವರನ್ನು ಇಪ್ಪತ್ತು ಓವರುಗಳ ಅವಸರದ ಆಟಕ್ಕೆ ಕೂಡಿಸಿದ್ದನ್ನು ಜನರು ಆಗಲೇ ಆಡಿಕೊಂಡರು. ಹಣ ಹಾಕಿದವರು ಲೆಕ್ಕ ಕೇಳುವದೂ ನ್ಯಾಯವೇ. ಆದರೆ ಲೆಕ್ಕ ಕೇಳುವದಕ್ಕೊಂದು ಕಾಲವುಂಟು. ನಮ್ಮ ಕುಷ್ಟಗಿ, ಯಲಬುರ್ಗಾ ಸೀಮೆಯ ಮಳೆಯ ಹೊಲಗಳಲ್ಲಿ ಬಿತ್ತುವಾಗ, ಕೂರಿಗೆ ಹಿಡಿದವನ ಸಾಲು ಡೊಂಕಾಯಿತೆಂದು ಒಡೆಯನು ಬದುವಿನ ಮೇಲೆ ನಿಂತು ಊರೆಲ್ಲ ಕೇಳುವಂತೆ ಕೂಗಿದರೆ ಮುಂದಿನ ಸಾಲು ನೆಟ್ಟಗಾಗುವದಿಲ್ಲ, ಎತ್ತುಗಳೂ ಬೆದರುತ್ತವೆ. ತಿಳಿದ ಒಡೆಯನು ಸುಗ್ಗಿ ಮುಗಿದ ಮೇಲೆ ಕರೆದು ಕೂಡ್ರಿಸಿಕೊಂಡು ಕೇಳುವನು.

2009ರಲ್ಲಿ ಇನ್ನೊಂದು ಬಗೆಯ ಪ್ರಮಾದವು ನಡೆಯಿತು. 15 ಲಕ್ಷ 50 ಸಾವಿರ ಡಾಲರುಗಳನ್ನು ತೆತ್ತು ಇಂಗ್ಲೆಂಡಿನ ಕೆವಿನ್ ಪೀಟರ್ಸನ್ನರನ್ನು ತಂದು ನಾಯಕರನ್ನಾಗಿ ಮಾಡಿದರು. ಸ್ವದೇಶದ ಪಂದ್ಯಗಳಿಗಾಗಿ ಅವರು ನಡುವೆಯೇ ಹೊರಡತಕ್ಕವರೆಂಬುದು ಮೊದಲೇ ತಿಳಿದ ಸಂಗತಿ. ಅವರು ಮುಂದಾಳಾಗಿದ್ದ ಆರು ಪಂದ್ಯಗಳಲ್ಲಿ ಎರಡು ಗೆಲುವುಗಳಾದವು. ಬಳಿಕ ಅವರು ತಮ್ಮ ನಾಡಿಗೆ ತೆರಳಿದರು. ಸಂತೆಯಲ್ಲಿ ಹೆಚ್ಚು ಬೆಲೆ ಬಂದುದೇ ನೊಗಕ್ಕೆ ಹದವಾದ ಎತ್ತೆಂದು ನಮ್ಮ ಒಕ್ಕಲಿಗನು ಎಂದೂ ಎಣಿಸುವದಿಲ್ಲ.

ಆಗ ಭಾರವು ಅನಿಲ್ ಕುಂಬ್ಳೆಯವರ ಹೆಗಲಿಗೆ ಬಿದ್ದಿತು. 38ರ ವಯಸ್ಸು, ಟೆಸ್ಟ್ ಪಂದ್ಯಗಳಿಂದ ಹಿಂದಿನ ನವೆಂಬರಿನಲ್ಲಿಯೇ ನಿವೃತ್ತರಾದವರು. ಲೋಕಸಭೆಯ ಚುನಾವಣೆಯ ನಿಮಿತ್ತ ಆ ವರ್ಷದ ಪಂದ್ಯಗಳೆಲ್ಲ ದಕ್ಷಿಣ ಆಫ್ರಿಕದಲ್ಲಿ ನಡೆದಿದ್ದವು. ಅಲ್ಲಿ ಕೇಪ್‌ಟೌನಿನ ಮೊದಲ ಪಂದ್ಯದಲ್ಲಿಯೇ ಅವರು ಕೇವಲ 5 ಓಟಗಳನ್ನಿತ್ತು 5 ಹುದ್ದರಿಗಳನ್ನು ಕಿತ್ತಿದ್ದರು. ಅದೇ ಪಂದ್ಯದಲ್ಲಿ 66 ಓಟಗಳನ್ನು ಗಳಿಸಿದವರು ಪದವಿಯನ್ನು ಕಳೆದುಕೊಂಡಿದ್ದ ದ್ರಾವಿಡರು! ಮುನಿಸಿಕೊಂಡು ಮೂಲೆ ಸೇರದೆ, ಸಾಮಾನ್ಯ ಆಟಗಾರರಂತೆ ದುಡಿದ ಈ ನಡೆಯನ್ನು ನಮ್ಮ ಮಕ್ಕಳಿಗೆ ಹೇಳತಕ್ಕದ್ದು.

ಕುಂಬ್ಳೆಯವರ ಮುಂದಾಳ್ತನದಲ್ಲಿ ಉಳಿದ ಎಂಟು ಲೀಗ್ ಪಂದ್ಯಗಳಲ್ಲಿ ಆರು ಗೆಲುವುಗಳು ದೊರೆತವು. ಉಪಾಂತ್ಯದಲ್ಲಿ ಚೆನ್ನೈಯವರು ಸೋತರು. ಮೇ 24ರಂದು ಜೊಹಾನ್ಸ್‌ಬರ್ಗಿನ ಅಂತಿಮ ಪಂದ್ಯದಲ್ಲಿ ಎದುರಾದವರು ಹೈದರಾಬಾದಿನ ಡೆಕ್ಕನ್ ಚಾರ್ಜರ್ಸ್. 1948ರ ವರೆಗೆ ನಿಜಾಮರ ಆಳಿಕೆಯಲ್ಲಿದ್ದ ಕೊಪ್ಪಳ, ಗಂಗಾವತಿಗಳವರಾದ ನಮಗೆ ಆ ಪಟ್ಟಣವೂ ಹೊರಗಿನದಲ್ಲ. ಹಿಂದಿನ ವರ್ಷ ಕಟ್ಟಕಡೆಯ ಸ್ಥಾನದಲ್ಲಿದ್ದ ಆ ತಂಡವನ್ನು ಈ ವರ್ಷ ಮೊದಲಿಂದ ಕೊನೆಯ ವರೆಗೆ ಗಿಲ್‌ಕ್ರಿಸ್ಟ್ ಎಂಬ ಒಬ್ಬರೇ ನಡೆಸಿದ್ದರು. ಕುಂಬ್ಳೆಯವರು 16 ಓಟಗಳಿಗೆ 4 ಹುದ್ದರಿಗಳನ್ನು ಪಡೆದರೂ ನಮ್ಮವರು 6 ಓಟಗಳಿಂದ ಸೋತರು. ಪ್ರಶಸ್ತಿ ತಪ್ಪಿತು, ಆದರೆ ಏಳನೆಯವರು ಎರಡನೆಯವರಾದರು.

ಬೇಕಾದ ಮುಂದಾಳು ಮನೆಯಲ್ಲಿಯೇ ಇದ್ದರು. ಅವರನ್ನು ಗುರುತಿಸುವದಕ್ಕೆ ಮೊದಲು ಸಮುದ್ರದಾಚೆಯವರಿಗೆ ಬೆಲೆ ಕಟ್ಟಬೇಕಾಯಿತು. ಗೃಹಸ್ಥರಾದ ನಾವೂ ಮಗನಿಗೆ ಅಂಗಡಿಯನ್ನು, ಸೊಸೆಗೆ ಉಗ್ರಾಣವನ್ನು ಒಪ್ಪಿಸುವವರಷ್ಟೆ. ಯೋಗ್ಯರನ್ನು ನೋಡಿ ಒಪ್ಪಿಸೋಣ. ಒಪ್ಪಿಸಿದ ಮೇಲೆ ಒಂದು ಸುಗ್ಗಿಯ ವರೆಗಾದರೂ ತಾಳೋಣ. ತಪ್ಪಿದ್ದರೆ ನಾಲ್ವರೆದುರಿನಲ್ಲಿ ಆಡದೆ ಒಳಗೆ ಕರೆದು ತಿಳಿಹೇಳೋಣ. ಬೀಗದ ಕೈಯನ್ನು ಕೊಟ್ಟು ಬಾಗಿಲಲ್ಲಿ ಕಾದು ನಿಲ್ಲುವ ಯಜಮಾನನು ಕೊಡದವನಿಗೆ ಸಮಾನನು.